ದುಂಡಮ್ಮನ ಹೆಸರಿಗೆ ಬಂದ ತಕರಾರು

ಇಡೀ ಕಲಬುರಗಿ ಮೋಸ ಹೋದರೂ ತಾವೊಬ್ಬರು ಮೋಸ ಹೋಗುವವರಲ್ಲ ಎಂದು ಜಗದೇವಪ್ಪನವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೇಳಿಕೊಳ್ಳುವುದಕ್ಕೆ ಅವರಿಗೆ ಹಕ್ಕೂ ಇತ್ತು. ತಹಸೀಲ್ ಕಚೇರಿಗೆ ಗುಮಾಸ್ತರಾಗಿ ಹೊಕ್ಕು ಶಿರಸ್ತೇದಾರರಾಗಿ ಹೊರಬಂದವರು ಅವರು. ಸತ್ತವರು ಮಾಡಿದ ಸಹಿ, ಹುಟ್ಟದೇ ಇದ್ದವರು ಒತ್ತಿದ ಹೆಬ್ಬೆಟ್ಟು, ಇಲ್ಲದ ಹೊಲಕ್ಕೆ ಇದ್ದ ಪಹಣಿ, ಎಲ್ಲವನ್ನೂ ಕನ್ನಡಕದ ಮೇಲಿಂದ ಒಮ್ಮೆ ನೋಡಿಯೇ ಹಿಡಿದಿದ್ದರು. ನಿವೃತ್ತರಾದ ಮೇಲೆ ಈ ವಿದ್ಯೆಗೆ ಮನೆಯಲ್ಲಿ ಕೆಲಸ ಸಿಗದೆ, ಹಾಲಿನವನ ಮಾಪನ್ನೂ ಕಾಯಿಪಲ್ಯದವಳ ತಕ್ಕಡಿಯನ್ನೂ ತನಿಖೆ ಮಾಡುತ್ತ ಕಾಲ ತಳ್ಳುತ್ತಿದ್ದರು. ಹೀಗಿರುವಾಗ, ತಾಯಿ ದುಂಡಮ್ಮನ ಹೆಸರಿನಲ್ಲಿ ನಡೆಯುತ್ತಿದ್ದ ಹೆಂಡತಿಯ ರೊಟ್ಟಿ ವ್ಯಾಪಾರಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸವಾಯಿತು. ಆ ದಿನವೇ ಜಗದೇವಪ್ಪನವರು ಅದರ ಕಾವಲಿನ ಸಂಪೂರ್ಣ ಜವಾಬ್ದಾರಿಯನ್ನು ವಹಿಸಿಕೊಂಡರು. ಅವರಿಗೆ ಯಾರೂ ಅದನ್ನು ವಹಿಸಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

"ನಾ ಇರೂತನಕ ಅವ್ವನ ಹೆಸರಿನ ಒಂದಕ್ಷರ ಬ್ಯಾರೆದವರ ಕೈಗೆ ಹೋಗಾಕ ಬಿಡೂದಿಲ್ಲ," ಎಂದು ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಪ್ರತಿಜ್ಞೆ ಮಾಡಿದರು. ಹಂಚಿನ ಮುಂದೆ ಕೂತಿದ್ದ ಹೆಂಡತಿ ಜಯದೇವಿ ತಲೆ ಎತ್ತಲಿಲ್ಲ. ಹೆಸರು ಆಮೇಲೆ ಕಾಯುವಿರಂತೆ, ಸದ್ಯ ಬುಟ್ಟಿಯ ಮೇಲಿನ ಬಟ್ಟೆ ಸರಿ ಮಾಡಿ, ಇರುವೆ ಹತ್ತಿಯಾವು ಎಂದಳು. ಜಗದೇವಪ್ಪನವರು ಬಟ್ಟೆ ಸರಿ ಮಾಡಿದರು.

ವ್ಯಾಪಾರ ಜಯದೇವಿಯದು. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಪಡಸಾಲೆಯಲ್ಲೇ, ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಆಕೆ ಜೋಳದ ಖಡಕ್ ರೊಟ್ಟಿ ಮಾಡಿಸುತ್ತಿದ್ದಳು. ಮೊದಲು ಓಣಿಯ ಮದುವೆಗಳಿಗೆ ಹೋಗುತ್ತಿದ್ದ ರೊಟ್ಟಿ ಆಮೇಲೆ ಸೊಲ್ಲಾಪುರದ ಬಸ್ಸು ಹತ್ತಿತು, ಹೈದರಾಬಾದಿನ ರೈಲು ಹತ್ತಿತು. ರೊಟ್ಟಿಯ ಹದ ಮಾತ್ರ ಆಕೆಯದಲ್ಲ, ಅತ್ತೆ ದುಂಡಮ್ಮನದು. ದುಂಡಮ್ಮ ಬಡಿದ ರೊಟ್ಟಿಯನ್ನು ಕಿಟಕಿಗೆ ಹಿಡಿದರೆ ಆಚೆ ಹೋಗುವವರ ನೆರಳು ಕಾಣುತ್ತಿತ್ತು ಎಂದು ಕಂಡವರು ಹೇಳುತ್ತಾರೆ. ಆ ಹದವನ್ನು ಮುದುಕಿ ಇಬ್ಬರಿಗೆ ಕಲಿಸಿದ್ದಳು. ಒಬ್ಬಳು ಸೊಸೆ ಜಯದೇವಿ. ಇನ್ನೊಬ್ಬಳು ಮಗಳು ಪುತಳಾಬಾಯಿ, ಜಗದೇವಪ್ಪನವರ ಅಕ್ಕ, ಕಮಲಾಪುರದ ಬಾಳೆತೋಟದ ಮನೆಗೆ ಕೊಟ್ಟವಳು. ದುಂಡಮ್ಮ ಕಡೆಯ ದಿನಗಳನ್ನು ಕಳೆದದ್ದೂ ಆ ಮಗಳ ಮನೆಯಲ್ಲೇ.

ವ್ಯಾಪಾರ ಬೆಳೆದ ಮೇಲೆ ಅದಕ್ಕೊಂದು ಹೆಸರು ಬೇಕಾಯಿತು. 'ದುಂಡಮ್ಮ ಖಡಕ್ ರೊಟ್ಟಿ' ಎಂದು ಜಗದೇವಪ್ಪನವರು ಒಂದೇ ಏಟಿಗೆ ತೀರ್ಮಾನಿಸಿದರು. ಕಮಲಾಪುರಕ್ಕೆ ಹೋಗಿ, ಅಕ್ಕನ ಮನೆಯ ಗೋಡೆಯ ಮೇಲಿದ್ದ ಅವ್ವನ ಫೋಟೊ ಇಳಿಸಿಕೊಂಡು ಬಂದು, ನಕಲು ತೆಗೆಸಿ, ಮರಳಿ ಅದೇ ಮೊಳೆಗೆ ತೂಗುಹಾಕಿ ಬಂದರು. ರೊಟ್ಟಿಯ ಚೀಲದ ಮೇಲೆ ಅವ್ವ ಬಂದಳು. ಮುಂದೆ ಸೂಪರ್ ಮಾರ್ಕೆಟ್ ಹತ್ತಿರ ಸೈಬರ್ ಕೆಫೆ ಇಟ್ಟಿದ್ದ ಜಹೀರುದ್ದೀನ್ ಇಂಟರ್ನೆಟ್ಟಿನಲ್ಲಿ 'ದುಂಡಮ್ಮ ಡಾಟ್ ಕಾಮ್' ಎಂಬ ವಿಳಾಸ ಮಾಡಿಕೊಟ್ಟ ಮೇಲೆ ಅಲ್ಲಿಯೂ ಬಂದಳು. ಪುಣೆಯಿಂದ, ಮುಂಬೈಯಿಂದ, ಒಮ್ಮೆ ಮಸ್ಕತ್ತಿನಿಂದಲೂ ಪತ್ರಗಳು ಬಂದವು. ದಿನಾ ಬೆಳಿಗ್ಗೆ ಜಗದೇವಪ್ಪನವರು ಕೆಫೆಗೆ ಹೋಗಿ, ಬಂದ ಪತ್ರಗಳನ್ನು ಪ್ರಿಂಟ್ ತೆಗೆಸಿ, ಕಡತದಲ್ಲಿ ಹಚ್ಚಿ, ತಂದು ಹೆಂಡತಿಗೆ ಓದಿ ಹೇಳುತ್ತಿದ್ದರು. ಎರಡು ಸಾವಿರದ ಏಳರ ಆ ಬೇಸಿಗೆಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು.

ಆ ಬೇಸಿಗೆಯಲ್ಲಿ ಜಹೀರುದ್ದೀನ್ ಹೈದರಾಬಾದಿಗೆ ನೆಂಟರ ಮದುವೆಗೆ ಹೋದ. ಕೆಫೆಯ ಗಲ್ಲೆಯ ಮೇಲೆ ಅವನ ತಾಯಿ ಖುರ್ಷೀದ್ ಬೇಗಂ ಕೂತಳು. ಆಕೆಗೆ ಗೊತ್ತಿದ್ದದ್ದು ಎರಡೇ ವಿಷಯ, ಪಾನ್ ಕಟ್ಟುವುದು ಮತ್ತು ಗಂಟೆ ಮುಗಿಯಿತು ಏಳಿರಿ ಎನ್ನುವುದು. ಇಂಥ ಹೊತ್ತಿನಲ್ಲಿಯೇ ಆ ಪತ್ರ ಬಂತು.

ಪತ್ರ ಚೀನಾದಿಂದ ಬಂದಿತ್ತು. 'ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಅತಿ ಜರೂರು' ಎಂಬ ತಲೆಬರಹ ನೋಡಿಯೇ ಜಗದೇವಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. ನಿವೃತ್ತಿಯ ನಂತರ ಅವರನ್ನು ಯಾರೂ ಅಧಿಕಾರಿಗಳೇ ಎಂದು ಕರೆದಿರಲಿಲ್ಲ. ಪತ್ರದ ಸಾರಾಂಶ ಇಷ್ಟು. ತಮ್ಮದು ಇಂಟರ್ನೆಟ್ಟಿನ ಹೆಸರುಗಳನ್ನು ನೋಂದಾಯಿಸುವ ಕಚೇರಿ. ಬೇರೊಂದು ಕಂಪನಿ 'ದುಂಡಮ್ಮ' ಎಂಬ ಹೆಸರನ್ನು ಚೀನಾ, ಹಾಂಗ್‌ಕಾಂಗ್ ಮುಂತಾದ ಕಡೆಗಳಿಗೆ ತನ್ನದಾಗಿಸಿಕೊಳ್ಳಲು ಅರ್ಜಿ ಹಾಕಿದೆ. ಈ ಹೆಸರು ತಮ್ಮದೆಂದು ತಿಳಿದುಬಂದಿರುವುದರಿಂದ ಮೊದಲು ತಮ್ಮ ಅಭಿಪ್ರಾಯ ಕೇಳುತ್ತಿದ್ದೇವೆ. ತಕರಾರು ಇದ್ದರೆ ಕೂಡಲೇ ತಿಳಿಸಬೇಕು, ಇಲ್ಲವಾದರೆ ಅರ್ಜಿದಾರರಿಗೆ ಮಂಜೂರು ಮಾಡಲಾಗುವುದು.

ಮನೆಗೆ ಬಂದು ಓದಿ ಹೇಳಿದಾಗ ಜಯದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಚೀನಾದಾಗ ಖಡಕ್ ರೊಟ್ಟಿ ಯಾರು ತಿಂತಾರ್ರೀ?"

ಪ್ರಶ್ನೆ ಬಹಳ ಒಳ್ಳೆಯದಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜಗದೇವಪ್ಪನವರಿಗೆ ಇಡೀ ಸೇವೆಯ ಅನುಭವ ಒಂದು ಪಾಠ ಕಲಿಸಿತ್ತು. ಒಬ್ಬರ ಹೊಲಕ್ಕೆ ದಾರಿಯಲ್ಲಿ ಹೋಗುವವನು ಎಂದೂ ತಕರಾರು ಹಾಕುವುದಿಲ್ಲ. ಹಾಕುವವನು ಅಣ್ಣ, ಹಾಕುವವನು ತಮ್ಮ, ಹಾಕುವವಳು ಅಕ್ಕ. ಅರ್ಜಿಯ ಮೇಲೆ ಯಾರದೇ ಹೆಸರಿರಲಿ, ಅದರ ಹಿಂದೆ ವಾರಸುದಾರ ಇದ್ದೇ ಇರುತ್ತಾನೆ. ಭೂಮಿಯ ಮೇಲೆ ಇಷ್ಟು ಹೆಸರುಗಳಿರುವಾಗ ಚೀನಾದವನು ಹುಡುಕಿ ಹುಡುಕಿ ದುಂಡಮ್ಮ ಎಂಬ ಹೆಸರನ್ನೇ ಕೇಳುವುದು ಸಾಧ್ಯವಿಲ್ಲ. ದುಂಡಮ್ಮನ ಹೆಸರಿನ ಮೇಲೆ ಹಕ್ಕಿರುವವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ತಾವು. ಹಾಗಾದರೆ ಇನ್ನೊಬ್ಬರು ಯಾರು?

ಹೀಗೆ ಯೋಚಿಸಲು ಶುರುಮಾಡಿದ ಮನುಷ್ಯನಿಗೆ ಸಾಕ್ಷಿಗಳು ತಾವಾಗಿಯೇ ಬಂದು ಸಾಲು ಹಿಡಿದು ನಿಲ್ಲುತ್ತವೆ. ಪುತಳಾಬಾಯಿ ಯುಗಾದಿಗೆ ಬಂದಿರಲಿಲ್ಲ. ರೊಟ್ಟಿಯ ಚೀಲ ಕಳಿಸಿಕೊಟ್ಟಾಗ ಚಲೋ ಆಗ್ಯಾವ ಎಂದಷ್ಟೇ ಹೇಳಿ ಕಳಿಸಿದ್ದಳು, ಅವ್ವನ ಫೋಟೊದ ಬಗ್ಗೆ ಮಾತೇ ಆಡಿರಲಿಲ್ಲ. ಕಮಲಾಪುರದ ಸಂತೆಯಲ್ಲಿ ಆಕೆಯೂ ರೊಟ್ಟಿ ಮಾರುತ್ತಾಳೆಂದು ಯಾರೋ ಹೇಳಿದ್ದು ನೆನಪಾಯಿತು. ಹೇಳಿದವರು ಯಾರು ಎಂಬುದು ನೆನಪಾಗಲಿಲ್ಲ.

ಈ ಅನುಮಾನ ಹೊರಗೆ ಬಂದಾಗ ಜಯದೇವಿ ಹಿಟ್ಟಿನ ಕೈಯನ್ನೇ ಎತ್ತಿ ತಡೆದಳು. ಅಕ್ಕ ಅಂಥವಳಲ್ಲ, ಜಹೀರ್ ಭಾಯಿ ಬರುವತನಕ ತಡೆಯಿರಿ, ಆ ಕಾಗದ ಏನೆಂದು ಅವನಿಗೆ ಗೊತ್ತಾಗುತ್ತದೆ ಎಂದಳು. ಕಡತಗಳ ವಿಷಯದಲ್ಲಿ ಹೆಂಗಸರಿಗೂ ಸೈಬರ್ ಕೆಫೆಯವರಿಗೂ ತಿಳಿಯುವುದು ಕಡಿಮೆ ಎಂಬುದು ಶಿರಸ್ತೇದಾರರ ಅಭಿಪ್ರಾಯವಾಗಿತ್ತು.

ಮರುದಿನ ಅವರು ಕೆಫೆಯಲ್ಲಿ ಕೂತು, ತಾವೇ ಟೈಪ್ ಮಾಡಿ, ಚೀನಾಕ್ಕೆ ತಕರಾರು ಅರ್ಜಿ ಕಳಿಸಿದರು. ಕ್ರಮಬದ್ಧವಾದ ಅರ್ಜಿ. ಜೊತೆಗೆ ದುಂಡಮ್ಮನ ವಂಶಾವಳಿಯನ್ನೂ ಇಂಗ್ಲಿಷಿನಲ್ಲಿ ಬರೆದು ಲಗತ್ತಿಸಿದರು. ಮೃತರು, ಅವರ ಪತಿ, ಮಗ ಒಬ್ಬ, ಮಗಳು ಒಬ್ಬಳು, ಮಗಳನ್ನು ಕೊಟ್ಟ ಊರು, ಎಲ್ಲ ವಿವರವಾಗಿ. ಚೀನಾದ ಆ ಕಚೇರಿಗೆ ಹಿಂದೆಂದೂ ಯಾರೂ ವಂಶಾವಳಿ ಕಳಿಸಿರಲಾರರು. ಕೊನೆಯಲ್ಲಿ ಒಂದು ನೇರ ಪ್ರಶ್ನೆ ಇತ್ತು. ಅರ್ಜಿದಾರರು ಕಮಲಾಪುರದ ಶ್ರೀಮತಿ ಪುತಳಾಬಾಯಿಯವರು ಹೌದೋ ಅಲ್ಲವೋ ಸ್ಪಷ್ಟಪಡಿಸಬೇಕು.

ಒಂದೇ ದಿನದಲ್ಲಿ ಉತ್ತರ ಬಂತು. ಸರಕಾರಿ ಕಚೇರಿಯಲ್ಲಿ ಬಾಳಿದವರಿಗೆ ಅಷ್ಟು ಬೇಗ ಉತ್ತರ ಬಂದದ್ದೇ ಅನುಮಾನ ಹುಟ್ಟಿಸಬೇಕಿತ್ತು. ಹೌದು ಮಹನೀಯರೇ, ಅರ್ಜಿದಾರರು ಪುತಳಾಬಾಯಿ ಕಂಪನಿಯವರೇ ಎಂದು ದೃಢಪಡಿಸುತ್ತೇವೆ. ಅವರು ಹಟ ಹಿಡಿದಿದ್ದಾರೆ. ತಾವು ಶುಲ್ಕ ಕಟ್ಟಿ ಹೆಸರನ್ನು ಮೊದಲೇ ತಮ್ಮದಾಗಿಸಿಕೊಂಡರೆ ಮಾತ್ರ ಅವರನ್ನು ತಡೆಯಲು ಸಾಧ್ಯ.

ಶುಲ್ಕದ ಮಾತನ್ನು ಜಗದೇವಪ್ಪನವರು ಬದಿಗಿಟ್ಟರು. ತಕರಾರು ಇತ್ಯರ್ಥವಾಗುವ ಮೊದಲು ಶುಲ್ಕ ಕಟ್ಟುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ. ಅವರ ಕಣ್ಣು ನಿಂತದ್ದು ಒಂದೇ ಪದದ ಮೇಲೆ. ಪುತಳಾಬಾಯಿ. ಸಣ್ಣವರಿದ್ದಾಗ ಜಾತ್ರೆಯಲ್ಲಿ ಬೆರಳು ಬಿಡದೆ ಹಿಡಿದುಕೊಂಡು ತಿರುಗಿಸಿದ್ದ ಅಕ್ಕ, ಅವ್ವನ ಹೆಸರನ್ನು ಹೀಗೆ ಕದಿಯಬೇಕೇ ಎಂದು ಕಣ್ಣಲ್ಲಿ ನೀರೂ ಬಂತು. ಗಂಟೆ ಮುಗಿಯಿತು ಏಳಿರಿ ಎಂದಳು ಖುರ್ಷೀದ್ ಬೇಗಂ.

ಅವರು ಮನೆಗೆ ಹೋಗಲಿಲ್ಲ. ತಹಸೀಲ್ ಕಚೇರಿಯ ಎದುರಿನ ಅರ್ಜಿ ಬರೆಯುವವನ ಹತ್ತಿರ ಹೋಗಿ, ಛಾಪಾ ಕಾಗದದ ಮೇಲೆ ಹಕ್ಕು ಬಿಡುಗಡೆ ಪತ್ರವೊಂದನ್ನು ತಾವೇ ಹೇಳಿ ಬರೆಸಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಹತ್ತಿದರು.

ಪುತಳಾಬಾಯಿ ಅಂಗಳದಲ್ಲಿ ಬಾಳೆಗೊನೆಗಳ ಮೇಲೆ ಗೋಣಿ ಹೊದಿಸುತ್ತಿದ್ದಳು. ತಮ್ಮನನ್ನು ಕಂಡದ್ದೇ ಮುಖ ಅರಳಿತು. ಒಬ್ಬನೇ ಯಾಕೆ ಬಂದೆ, ಜಯದೇವಿ ಎಲ್ಲಿ ಎನ್ನುತ್ತ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಜಗದೇವಪ್ಪನವರು ತಂಬಿಗೆ ಮುಟ್ಟಲಿಲ್ಲ. ಮೊದಲು ವ್ಯವಹಾರ ಮುಗಿಯಲಿ, ನೀರು ಆಮೇಲೆ ಎಂದರು. ಅಕ್ಕನ ಮನೆಯಲ್ಲಿ ನೀರು ಬೇಡವೆಂದ ತಮ್ಮನನ್ನು ಆ ಅಂಗಳ ಅಂದಿನವರೆಗೆ ಕಂಡಿರಲಿಲ್ಲ. ಆಕೆ ತಂಬಿಗೆ ಹಿಡಿದುಕೊಂಡೇ ನಿಂತಳು.

ಪಡಸಾಲೆಯ ಗೋಡೆಯ ಮೇಲೆ ದುಂಡಮ್ಮನ ಫೋಟೊ ಇತ್ತು. ಅದರ ಕೆಳಗೆ ನಿಂತು ಜಗದೇವಪ್ಪನವರು ಚೀನಾದ ಕಾಗದ ಬಿಚ್ಚಿ, ಅವ್ವನ ಹೆಸರಿಗೆ ಅರ್ಜಿ ಹಾಕಿದ್ದು ಖರೆಯೋ ಸುಳ್ಳೋ ಎಂದು ವಿಚಾರಣೆ ಶುರುಮಾಡಿದರು.

"ನಾ ಹುಮನಾಬಾದ ದಾಟಿದಾಕಿ ಅಲ್ಲ ತಮ್ಮಾ," ಎಂದಳು ಪುತಳಾಬಾಯಿ. "ಚೀನಾಕ್ಕ ಯಾವಾಗ ಹೋದೆ?"

"ಇಲ್ಲಿ ನಿನ್ನ ಹೆಸರದ, ನೋಡು."

ಆಕೆ ಕಾಗದ ನೋಡಲಿಲ್ಲ. ತಮ್ಮನ ಮುಖ ನೋಡಿದಳು. "ಕಾಗದ ಇರಲಿ. ನಿನ್ನ ಬಾಯಿಲೆ ಹೇಳು. ನಾ ಅವ್ವನ ಹೆಸರು ಕದ್ದೀನಿ ಅಂತ ನಿನಗ ಅನಸ್ತದೇನು?"

ಇಂಥ ಪ್ರಶ್ನೆಗೆ ತಮ್ಮನಾದವನು ಕೊಡಬೇಕಾದ ಉತ್ತರ ಒಂದೇ ಇತ್ತು. ಆದರೆ ಅಲ್ಲಿ ನಿಂತಿದ್ದದ್ದು ತಮ್ಮ ಅಲ್ಲ, ಶಿರಸ್ತೇದಾರ. "ನನಗೇನ ಅನಸ್ತದ ಅನ್ನೂದು ಪ್ರಶ್ನಿ ಅಲ್ಲ ಅಕ್ಕ," ಎಂದರು ಅವರು. "ದಾಖಲಿ ಏನ ಹೇಳ್ತದ ಅನ್ನೂದು ಪ್ರಶ್ನಿ."

ಪುತಳಾಬಾಯಿ ತಂಬಿಗೆಯನ್ನು ಕಂಬದ ಬುಡದಲ್ಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಎಲ್ಲಿ ಸಹಿ ಮಾಡಬೇಕು ತೋರಿಸು ಎಂದಳು. ಛಾಪಾ ಕಾಗದದಲ್ಲಿ ಏನು ಬರೆದಿದೆ ಎಂದೂ ಕೇಳಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ತನ್ನ ತಾಯಿಯ ಹೆಸರಿನ ಮೇಲೆ ತನಗೆ ಯಾವ ಹಕ್ಕೂ ಇಲ್ಲವೆಂದು ಆ ಕಾಗದದಲ್ಲಿತ್ತು. ಆಮೇಲೆ ಅಂಗಳಕ್ಕೆ ಹೋಗಿ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಮುರಿದು ತಂದು, ಜಯದೇವಿಗೆ ಕೊಡು ಎಂದಳು. ನೀರಿನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಜಗದೇವಪ್ಪನವರ ಚೀಲದಲ್ಲಿ ಗೆಲುವಿತ್ತು, ತೊಡೆಯ ಮೇಲೆ ಬಾಳೆಹಣ್ಣಿತ್ತು. ಗೆದ್ದವರ ಗಂಟಲು ಯಾಕಿಷ್ಟು ಒಣಗುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಗುಡಿಗೆ ಹೋಗಿದ್ದೆ ಎಂದು ಹೆಂಡತಿಗೆ ಹೇಳಬೇಕೆಂದುಕೊಂಡಿದ್ದರು. ಆದರೆ ಕಲಬುರಗಿಯ ಯಾವ ಗುಡಿಯಲ್ಲೂ ಪ್ರಸಾದವೆಂದು ಕಮಲಾಪುರದ ಕೆಂಪು ಬಾಳೆ ಕೊಡುವುದಿಲ್ಲ. ಜಯದೇವಿ ಹಣ್ಣು ನೋಡಿದಳು, ಗಂಡನ ಮುಖ ನೋಡಿದಳು, ಅಕ್ಕನ ಮನೆಯಲ್ಲಿ ಊಟ ಮಾಡಿದಿರಾ ಎಂದಷ್ಟೇ ಕೇಳಿದಳು. ಜಗದೇವಪ್ಪನವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಆ ದಿನ ಆ ಮನೆಯಲ್ಲಿ ಹಣ್ಣನ್ನು ಯಾರೂ ಮುಟ್ಟಲಿಲ್ಲ.

ಜಹೀರುದ್ದೀನ್ ಊರಿಂದ ಬಂದ ಸುದ್ದಿ ಸಿಕ್ಕಿದ್ದೇ ಜಗದೇವಪ್ಪನವರು ಬಿಡುಗಡೆ ಪತ್ರವನ್ನು ಸ್ಕ್ಯಾನ್ ಮಾಡಿಸಿ ಚೀನಾಕ್ಕೆ ಕಳಿಸಿಬಿಡಬೇಕೆಂದು ಹೊರಟರು. ಈ ಸಲ ಜಯದೇವಿಯೂ ಚಪ್ಪಲಿ ಮೆಟ್ಟಿದಳು. ಮದುವೆಯಾದಾಗಿನಿಂದ ಗಂಡ ಎಷ್ಟೋ ಕಚೇರಿ ಕೆಲಸಗಳಿಗೆ ಹೋದದ್ದನ್ನು ಕಂಡಿದ್ದಳು, ಎಂದೂ ಹಿಂದೆ ಹೋಗಿರಲಿಲ್ಲ.

ಜಹೀರುದ್ದೀನ್ ಕಾಗದಗಳನ್ನೆಲ್ಲ ಟೇಬಲ್ಲಿನ ಮೇಲೆ ಹರಡಿ, ಚೀನಾದ ಪತ್ರ ಓದಿದ. ವಂಶಾವಳಿ ಓದುವಾಗ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಎರಡನೆಯ ಪತ್ರ ಓದಿ ಮುಗಿಸುವತನಕ ಆ ಕೈ ಇಳಿಸಲಿಲ್ಲ. ಅವನು ಸಭ್ಯ ಮನುಷ್ಯ, ಹಿರಿಯರ ಎದುರು ನಗುವವನಲ್ಲ.

"ಸಾಹೇಬ್ರ, ಪುತಳಾಬಾಯಿಯವರ ಹೆಸರು ಮೊದಲ ಬರದವರು ಯಾರು? ಅವರೋ, ನೀವೋ?"

ನಾನೇ ಬರೆದು ಕೇಳಿದೆ, ಅವರು ಹೌದೆಂದು ದೃಢಪಡಿಸಿದರು ಎಂದರು ಜಗದೇವಪ್ಪನವರು. ಹೇಳುತ್ತಿದ್ದಂತೆ ಧ್ವನಿ ಸ್ವಲ್ಪ ಇಳಿಯಿತು.

ಜಹೀರುದ್ದೀನ್ ಕೀಬೋರ್ಡ್ ಎಳೆದುಕೊಂಡು ಅವರ ಹೆಸರಿನಲ್ಲೇ ಚೀನಾಕ್ಕೆ ಇನ್ನೊಂದು ಸಾಲು ಬರೆದ. ನಮ್ಮಿಂದ ತಪ್ಪಾಗಿದೆ, ನಿಜವಾದ ಅರ್ಜಿದಾರರು ಶ್ರೀಮತಿ ಖುರ್ಷೀದ್ ಬೇಗಂ ಎಂದು ಈಗ ತಿಳಿದಿದೆ, ಹೌದೋ ಅಲ್ಲವೋ? ಆಮೇಲೆ ಮೂವರಿಗೂ ಚಹಾ ತರಿಸಿದ. ಚಹಾ ಮುಗಿಯುವುದರೊಳಗೆ ಉತ್ತರ ಬಂತು. ಹೌದು ಮಹನೀಯರೇ, ಅರ್ಜಿದಾರರು ಖುರ್ಷೀದ್ ಬೇಗಂ ಕಂಪನಿಯವರೇ ಎಂದು ದೃಢಪಡಿಸುತ್ತೇವೆ. ಅವರು ಹಟ ಹಿಡಿದಿದ್ದಾರೆ.

ತನ್ನ ಹೆಸರು ಕೇಳಿ ಗಲ್ಲೆಯ ಹಿಂದಿನಿಂದ ಖುರ್ಷೀದ್ ಬೇಗಂ ಎಲೆಗೆ ಸುಣ್ಣ ಸವರುವುದನ್ನು ಬಿಟ್ಟು ಕತ್ತೆತ್ತಿದಳು. "ಮೈ ಕ್ಯಾ ಕರೀ ರೇ?" ಎಂದು, ತಾನೇನು ಮಾಡಿದೆನೆಂದು ಮಗನನ್ನು ಕೇಳಿ, ಜಯದೇವಿಯ ಕಡೆ ತಿರುಗಿ, ನಿಮ್ಮ ರೊಟ್ಟಿ ತಿನ್ನುವುದು ಖರೆ, ಹೆಸರು ನನಗ್ಯಾಕೆ ಬೇಕವ್ವ ಎಂದಳು.

ಖುರ್ಷೀದ್ ಬೇಗಂಳ ಮುಖದ ಮೇಲಿದ್ದ ಅದೇ ಬೆರಗನ್ನು ಜಗದೇವಪ್ಪನವರು ಹಿಂದೆ ಇನ್ನೊಂದು ಮುಖದ ಮೇಲೆ ಕಂಡಿದ್ದರು. ಆ ಮುಖದವಳ ಕೈಯಲ್ಲಿ ತಂಬಿಗೆ ಇತ್ತು.

ಜಹೀರುದ್ದೀನ್ ನಿಧಾನವಾಗಿ ಬಿಡಿಸಿ ಹೇಳಿದ. ಇಂಟರ್ನೆಟ್ಟಿನಲ್ಲಿ ಹೆಸರು ಯಾರು ಮೊದಲು ಕೊಂಡರೆ ಅವರದು, ಕೊಡುವ ಮುಂಚೆ ಯಾವ ಕಂಪನಿಯೂ ಊರವರ ಒಪ್ಪಿಗೆ ಕೇಳುತ್ತ ಕೂಡುವುದಿಲ್ಲ. ಇಂಥ ಪತ್ರ ಸಾವಿರಾರು ಅಂಗಡಿಗಳಿಗೆ ಒಂದೇ ದಿನ ಹೋಗುತ್ತದೆ, ಅದಕ್ಕೇ ಅದರಲ್ಲಿ ಅಧಿಕಾರಿಗಳೇ ಎಂದಿರುತ್ತದೆ, ಹೆಸರು ಹಿಡಿದು ಬರೆದಿರುವುದಿಲ್ಲ. ಅವಸರ ಮಾಡಿ ಹೆದರಿಸುತ್ತಾರೆ, ಹೆದರಿದವರು ಬಾಯಿ ಬಿಟ್ಟದ್ದನ್ನೇ ಅವರಿಗೆ ತಿರುಗಿ ಹೇಳುತ್ತಾರೆ. ನಮ್ಮ ವಿಳಾಸ ಕೊಂಡದ್ದು ಒಂದು ಕಂಪನಿಯಿಂದ. ಆ ಕಂಪನಿಯ ಹೆಸರು ಮನೆಯಲ್ಲಿ ಗೊತ್ತಿರಬೇಕು. ಅದನ್ನು ಬಿಟ್ಟು ಬೇರೆ ಯಾರು ಬರೆದರೂ ಓದದೆ ಅಳಿಸಬೇಕು.

"ಖರೇ ಪತ್ರ ಬ್ಯಾರೆನೇ ಇತ್ತು ಸಾಹೇಬ್ರ," ಎಂದ ಅವನು ತಲೆ ಕೆರೆದುಕೊಳ್ಳುತ್ತ. "ವಿಳಾಸದ ಮುದ್ದತು ಮುಗೀಲಾಕ ಬಂದದ ಅಂತ ನಮ್ಮ ಕಂಪನಿ ಬರದಿತ್ತು. ಅದು ನನ್ನ ಇಮೇಲ್ ಡಬ್ಬಿಗೆ ಬಂದಿತ್ತು, ನಾ ಮದುವ್ಯಾಗ ಇದ್ದೆ. ಇನ್ನೊಂದೀಟು ದಿನ ಹೋಗಿದ್ರ ಚೀನಾದವ ಕಸೀಬೇಕಾಗಿರಲಿಲ್ಲ. ನಾವೇ ಕೈಬಿಟ್ಟು ಕೂಡ್ತಿದ್ವಿ."

ತಪ್ಪು ತನ್ನದೂ ಇದೆ ಎಂದು ಒಪ್ಪಿಕೊಂಡ. ವಿಳಾಸದ ಮಾಲೀಕರು ಎಂದಿರುವ ಜಾಗದಲ್ಲಿ ಅನುಕೂಲಕ್ಕೆಂದು ಕೆಫೆಯ ಹೆಸರು ಹಾಕಿದ್ದ. ಅದನ್ನು ಬದಲಿಸಿ ಮನೆಯವರ ಹೆಸರು ಹಾಕಬೇಕು, ಎಚ್ಚರಿಕೆಯ ಪತ್ರಗಳು ಮನೆಯವರಿಗೇ ಬರುವಂತಾಗಬೇಕು, ಬೇರೆಯವರು ಎತ್ತಿಕೊಂಡು ಹೋಗದಂತೆ ಬೀಗ ಹಾಕಬೇಕು, ಜೊತೆಗೆ ನಮ್ಮ ದೇಶದ 'ಡಾಟ್ ಇನ್' ವಿಳಾಸವನ್ನೂ ಒಂದು ತೆಗೆದಿಡಬೇಕು ಎಂದ. ಮುದ್ದತನ್ನು ಆಗಲೇ ಮುಂದುವರಿಸಿದ. ಉಳಿದದ್ದಕ್ಕೆ ಯಾರ ಹೆಸರು ಹಾಕಲಿ ಎಂದು ಕೇಳಿದ.

"ಏನೇ ಅನ್ರಿ, ಬಚಾವಾದ್ರಿ ಸಾಹೇಬ್ರ," ಎಂದು ಸಮಾಧಾನವನ್ನೂ ಹೇಳಿದ. "ನಿಮ್ಮದೇನೂ ಹೋಗಿಲ್ಲ."

ಜಗದೇವಪ್ಪನವರು ಚೀಲದೊಳಗಿನ ಛಾಪಾ ಕಾಗದದ ಮೇಲೆ ಕೈ ಇಟ್ಟುಕೊಂಡಿದ್ದರು. ಏನು ಹೋಗಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜಯದೇವಿ ಆ ಕಾಗದವನ್ನು ಚೀಲದಿಂದ ಎಳೆದುಕೊಂಡು ಓದಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಆ ಹೆಸರಿನ ಕೆಲಸ ಸದ್ಯಕ್ಕೆ ತಡೆದಿರಲಿ ಎಂದು ಜಹೀರುದ್ದೀನನಿಗೆ ಹೇಳಿ, ಬಸ್ ನಿಲ್ದಾಣದ ದಾರಿ ಹಿಡಿದಳು. ಜಗದೇವಪ್ಪನವರು ಹಿಂದೆ ನಡೆದರು.

ಕಮಲಾಪುರದ ಅಂಗಳದಲ್ಲಿ ಪುತಳಾಬಾಯಿ ಇಬ್ಬರನ್ನೂ ನೋಡಿ ಒಳಗೆ ಹೋದಳು. ಬರುತ್ತಾಳೋ ಇಲ್ಲವೋ ಎಂದು ಜಗದೇವಪ್ಪನವರು ಬಾಗಿಲನ್ನೇ ನೋಡುತ್ತ ನಿಂತರು. ಆಕೆ ತಂಬಿಗೆ ತುಂಬಿ ತಂದು ತಮ್ಮನ ಮುಂದೆ ಹಿಡಿದಳು. ಅವರು ಎರಡೂ ಕೈಯಿಂದ ಇಸಿದುಕೊಂಡು, ಉಸಿರು ತೆಗೆಯದೆ, ಅಂಗಿಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ ಅಷ್ಟೂ ನೀರು ಕುಡಿದರು. ಆಮೇಲೆ ಛಾಪಾ ಕಾಗದ ಹರಿದು ಚೂರು ಮಾಡಿದರು. ಸರಕಾರಿ ಮುದ್ರೆ ಇದ್ದ ಕಾಗದವನ್ನು ಅವರು ಹರಿದದ್ದು ಜೀವನದಲ್ಲಿ ಅದೇ ಮೊದಲು. ಎಲ್ಲವನ್ನೂ ಹೇಳಿದರು. ಚೀನಾದವನು ಮೋಸಗಾರನೆಂದು, ತಾವೇ ಅಕ್ಕನ ಹೆಸರು ಅವನ ಬಾಯಿಗೆ ಇಟ್ಟೆವೆಂದು, ಇಡೀ ಜಿಲ್ಲೆಯ ಖೊಟ್ಟಿ ಕಾಗದ ಹಿಡಿದ ತಾವು ಇದೊಂದನ್ನು ಹಿಡಿಯಲಿಲ್ಲವೆಂದು.

ಪುತಳಾಬಾಯಿ ಕಂಬಕ್ಕೆ ಆನಿಕೊಂಡು ಕೇಳಿದಳು. ಕೊನೆಗೆ, ಆ ಕಾಗದದಲ್ಲಿ ಅವನು ಏನು ಬರೆದಿದ್ದ, ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಓದು ಎಂದಳು. ಜಗದೇವಪ್ಪನವರು ಓದಿದರು. ಈ ಹೆಸರು ಬೇರೆಯವರು ಇಟ್ಟುಕೊಳ್ಳುವವರಿದ್ದಾರೆ. ಹೆಸರು ನಿಮ್ಮ ಮನೆತನದ್ದೆಂದು ತಿಳಿಯಿತು. ಆದ್ದರಿಂದ ಇಡುವ ಮೊದಲು ನಿಮ್ಮನ್ನು ಕೇಳುತ್ತಿದ್ದೇವೆ, ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ?

ಆಕೆ ಗೋಡೆಯ ಮೇಲಿನ ಫೋಟೊದ ಕಡೆ ನೋಡಿದಳು.

"ಅವ ಕಳ್ಳ, ಖರೇ. ಆದರ ಕಳ್ಳಾಗಿ ಸುದ್ದಾ ಅವ್ವನ ಹೆಸರಿಡೂ ಮೊದಲ ಕೇಳ್ಯಾನ. ನೀ ಹೊಟ್ಟಿಲೆ ಹುಟ್ಟಿದ ಮಗ. ಫೋಟೊ ಇಳಿಸ್ಕೊಂಡು ಹೋದಿ, ಯಾಕಂತ ಹೇಳಲಿಲ್ಲ. ಹೆಸರಿಟ್ಟಿ, ನನ್ನ ಕರೀಲಿಲ್ಲ. ನಿಮ್ಮ ಮನಿ ಕೂಸಿಗೆ ಹೆಸರಿಡಾಕ ಯಾರ್ನ ಕರೀತಿದ್ರಿ?"

ಉತ್ತರ ಇಡೀ ಓಣಿಗೆ ಗೊತ್ತಿರುವಂಥದು. ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಜಗದೇವಪ್ಪನವರ ಮಗಳು ಹುಟ್ಟಿದಾಗ ಇದೇ ಪುತಳಾಬಾಯಿ ಹೊಸ ಸೀರೆ ಉಟ್ಟು, ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಹೆಸರು ಉಸುರಿದ್ದಳು. ಹೆಸರು ಹೇಳುವಾಗ ಅತ್ತೆಯ ಬೆನ್ನಿಗೆ ಸುತ್ತ ನಿಂತ ಹೆಂಗಸರು ಗುದ್ದುವುದು ಪದ್ಧತಿ. ಅಂದು ಬಿದ್ದ ಗುದ್ದುಗಳಿಗೆ ಆಕೆ ಎರಡು ದಿನ ಬೆನ್ನು ಹಿಡಿದುಕೊಂಡೇ ನಗುತ್ತ ತಿರುಗಾಡಿದ್ದಳು. ರೊಟ್ಟಿಗೆ ಹೆಸರಿಡುವಾಗಲೂ ಆಕೆಯನ್ನು ಕರೆಯಬೇಕಿತ್ತು ಎಂಬುದು ಅವರಿಗೆ ಹೊಳೆದಿರಲೇ ಇಲ್ಲ. ಯುಗಾದಿಗೆ ಬಾರದಿದ್ದದ್ದರ ಅರ್ಥ ಈಗ ಆಯಿತು. ಆ ಮುದುಕ ಅಕ್ಕನ ಕಾಲಿ‌ನ ಹತ್ತಿರ ಕೂತು ಸಣ್ಣ ಹುಡುಗನಂತೆ ಅತ್ತ. ಆಕೆಯೂ ಅತ್ತಳು. ಜಯದೇವಿ ಮಾತ್ರ ಅಳಲಿಲ್ಲ, ಇನ್ನೂ ಒಂದು ಹೆಸರಿಡುವುದು ಬಾಕಿ ಇದೆ ಅಕ್ಕ, ಏಳು, ಸೀರೆ ಉಟ್ಟುಕೋ ಎಂದಳು.

ಮರುದಿನ ಜಹೀರುದ್ದೀನನ ಕೆಫೆಯಲ್ಲಿ 'ಡಾಟ್ ಇನ್' ಎಂಬ ಕೂಸಿಗೆ ನಾಮಕರಣವಾಯಿತು. ಜಯದೇವಿ ನಾದಿನಿಗೆ ಹೊಸ ಸೀರೆ ಉಡಿಸಿ, ಉಡಿ ತುಂಬಿದಳು. ಖುರ್ಷೀದ್ ಬೇಗಂ ಗಲ್ಲೆಯಿಂದ ಇಳಿದು ಬಂದು ನಿಂತಳು. ಮಾಲೀಕರ ಜಾಗದಲ್ಲಿ ಜಯದೇವಿಯ ಹೆಸರು ಬಿತ್ತು, ಅದರ ಪಕ್ಕದಲ್ಲಿ ಪುತಳಾಬಾಯಿಯ ಹೆಸರೂ ಬಿತ್ತು. ಜಗದೇವಪ್ಪನವರ ಹೆಸರು ಎಲ್ಲಿಯೂ ಬೀಳಲಿಲ್ಲ, ಅವರು ಕೇಳಲೂ ಇಲ್ಲ. ಇನ್ನು ಹೆಸರು ಹೇಳಿ ಎಂದ ಜಹೀರುದ್ದೀನ್. ಇದರ ಕಿವಿ ಎಲ್ಲಿದೆ ಎಂದು ಪುತಳಾಬಾಯಿ ಕೇಳಿದಳು. ಅವನು ಒಂದು ಗಳಿಗೆ ಗಂಭೀರವಾಗಿ ಯೋಚಿಸಿ, ಕಂಪ್ಯೂಟರಿನ ಪಕ್ಕದಲ್ಲಿದ್ದ ಸಣ್ಣ ಮೈಕನ್ನು ತೋರಿಸಿದ.

ಪುತಳಾಬಾಯಿ ಸೆರಗು ಹೊದ್ದು ಅದರ ಕಡೆ ಬಾಗಿದಳು. ಪದ್ಧತಿಯಂತೆ ಜಯದೇವಿ ಆಕೆಯ ಹಿಂದೆ ಬಂದು ಕೈ ಎತ್ತಿದಳು. ಹೆಸರಿಡುವ ಕಾರ್ಯದಲ್ಲಿ ತಮಗೆ ಕೆಲಸವಿಲ್ಲವೆಂದು ಜಗದೇವಪ್ಪನವರು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಪುತಳಾಬಾಯಿ ಹಾಗೇ ತಿರುಗಿ, ಅವರ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

"ಹೆಸರು ನಾ ಹೇಳ್ತೀನಿ," ಎಂದಳು. "ಬೆನ್ನು ಇವನದಿರಲಿ."

ದುಂಡಮ್ಮ ಎಂದು ಆಕೆ ಮೆಲ್ಲಗೆ ಉಸುರಿದಳು. ಜಗದೇವಪ್ಪನವರು ಬೆನ್ನು ಬಗ್ಗಿಸಿದರು. ಇಷ್ಟು ವರ್ಷ ಅಸಲಿ ಯಾವುದು, ನಕಲಿ ಯಾವುದು ಎಂದು ನೋಡಿ ಬಾಳಿದ ಮನುಷ್ಯ ಅವರು. ಬೆನ್ನ ಮೇಲೆ ಬಿದ್ದ ಈ ಗುದ್ದಿನ ವಿಷಯದಲ್ಲಿ ಅವರಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ, ಅದು ದಿನಾ ರೊಟ್ಟಿ ಬಡಿದು ಪಳಗಿದ ಕೈಯಾಗಿತ್ತು.